ಮಗಳಿಗೊಂದು ಪತ್ರ: ಮೊದಲ ವೋಟಿಗೆ ಮುಂಚೆ

ಪ್ರೀತಿಯ ಪುಟ್ಟಿ,

ಕಳೆದ ವಾರ ಫೋನಿನಲ್ಲಿ ನೀನೊಂದು ಮಾತು ಹೇಳಿದೆ. "ಅಮ್ಮ, ಈ ಅಮೆರಿಕದಲ್ಲಿ ಕಾನೂನು ಜಾಸ್ತಿ ಆಗಿದೆ. ಎಲ್ಲರೂ ಅವರವರ ಜವಾಬ್ದಾರಿ ನೋಡ್ಕೊಂಡ್ರೆ ಇಷ್ಟೆಲ್ಲ ಕಾನೂನು ಬೇಕಾಗೋದೇ ಇಲ್ಲ" ಅಂತ. ನಿನ್ನ ರೂಮ್‌ಮೇಟಿನ ಅಪ್ಪ ಯಾವಾಗಲೂ ಹಾಗನ್ನುತ್ತಾರಂತೆ. ನಾನು ಉತ್ತರ ಕೊಡುವ ಹೊತ್ತಿಗೆ ನಿಮ್ಮಪ್ಪ ಮಧ್ಯೆ ಬಾಯಿ ಹಾಕಿದರು, ಆಮೇಲೆ ನಿನಗೆ ಕ್ಲಾಸಿಗೆ ಹೊತ್ತಾಯಿತು.

ಆ ಮಾತು ಸುಳ್ಳೇನಲ್ಲ. ಆದರೆ ಈ ನವೆಂಬರ್‌ನಲ್ಲಿ ನೀನು ಮೊದಲ ಸಲ ವೋಟ್ ಹಾಕುತ್ತೀಯ. ಅದಕ್ಕೆ ಮುಂಚೆ ನನ್ನ ತಲೆಯಲ್ಲಿರುವುದನ್ನು ಹೇಳಿಬಿಡುತ್ತೇನೆ. ಕನ್ನಡದಲ್ಲೇ ಬರೆಯುತ್ತಿದ್ದೇನೆ, ನಿಧಾನಕ್ಕೆ ಓದು. ನಿನ್ನನ್ನು ವಾರವಾರ ಕನ್ನಡ ಕ್ಲಾಸಿಗೆ ಎಳೆದುಕೊಂಡು ಹೋಗಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ.

ಮೊದಲು ನಮ್ಮ ವರ್ಜೀನಿಯಾ ರಾಜ್ಯದ್ದೇ ಒಂದು ವಿಷಯ. ಇಲ್ಲಿ 2024ರ ಜೂನ್ ಕೊನೆಯವರೆಗೂ ಇನ್ಶೂರೆನ್ಸ್ ಇಲ್ಲದೆ ಕಾರು ಓಡಿಸಬಹುದಾಗಿತ್ತು. ಕದ್ದುಮುಚ್ಚಿ ಅಲ್ಲ, ಕಾನೂನಿನ ಪ್ರಕಾರವೇ. ಡಿಎಂವಿಗೆ, ಅಂದರೆ ಇಲ್ಲಿನ ಆರ್‌ಟಿಒಗೆ, ವರ್ಷಕ್ಕೆ 500 ಡಾಲರ್ ಕಟ್ಟಿದರೆ ಮುಗಿಯಿತು. ಆ ದುಡ್ಡು ಕಟ್ಟಿದವನಿಗೆ ಯಾವ ಇನ್ಶೂರೆನ್ಸೂ ಸಿಗುತ್ತಿರಲಿಲ್ಲ. ಅದು ಇನ್ಶೂರೆನ್ಸ್ ಇಲ್ಲದೆ ರಸ್ತೆಗೆ ಇಳಿಯುವುದಕ್ಕೆ ಪರವಾನಗಿ, ಅಷ್ಟೇ. ದೊಡ್ಡವರು ತಮ್ಮ ಒಳ್ಳೆಯದು ಕೆಟ್ಟದ್ದು ತಾವೇ ನೋಡಿಕೊಳ್ಳಲಿ ಅನ್ನುವವರಿಗೆ ಇದಕ್ಕಿಂತ ಬೇಕೇ? ಆದರೆ ಅಂಥ ಕಾರು ಬಂದು ನಿನಗೆ ಗುದ್ದಿದರೆ? ಇನ್ಶೂರೆನ್ಸ್ ಕಟ್ಟುವುದಕ್ಕೇ ದುಡ್ಡಿಲ್ಲದವನು ನಿನ್ನ ಆಸ್ಪತ್ರೆ ಬಿಲ್ ಎಲ್ಲಿಂದ ಕಟ್ಟುತ್ತಾನೆ? ಕೊನೆಗೆ ಅದು ನಿನ್ನ ಪಾಲಿಸಿಯ ಮೇಲೆ, ನಿನ್ನ ಪ್ರೀಮಿಯಂ ಮೇಲೆ ಬಂದು ಕೂರುತ್ತದೆ. 2024ರ ಜುಲೈ 1ರಿಂದ ರಾಜ್ಯದ ರಾಜಧಾನಿ ರಿಚ್ಮಂಡ್‌ನವರು ಈ ದಾರಿ ಮುಚ್ಚಿದರು.

ಒಬ್ಬ ಕೆಳಗಿಳಿಸಿದ ಜವಾಬ್ದಾರಿ ಅಲ್ಲೇ ಮಾಯವಾಗುವುದಿಲ್ಲ ಪುಟ್ಟಿ, ಇನ್ನೊಬ್ಬರ ತಲೆ ಮೇಲೆ ಹೋಗಿ ಕೂರುತ್ತದೆ. ಹಾಗಾಗಿ ಯಾರಾದರೂ "ವೈಯಕ್ತಿಕ ಜವಾಬ್ದಾರಿ" ಅಂದ ಕೂಡಲೇ ನಾನು ಕೇಳುವುದು ಒಂದೇ: ಯಾರಿಂದ ಕೇಳುತ್ತಿದ್ದೀರಿ, ಯಾರನ್ನು ಬಿಡುತ್ತಿದ್ದೀರಿ?

ಎಲ್ಲದಕ್ಕೂ ಕಾನೂನು ಬೇಕು ಅಂತಲೂ ನಾನು ಹೇಳುತ್ತಿಲ್ಲ. 18ಕ್ಕೆ ನೀನು ವೋಟ್ ಹಾಕಬಹುದು, ಸೈನ್ಯ ಸೇರಬಹುದು, ಜ್ಯೂರಿಯಲ್ಲಿ ಕೂತು ಒಬ್ಬನನ್ನು ಜೈಲಿಗೆ ಕಳಿಸಬಹುದು. ಬಿಯರ್ ಕುಡಿಯಲು ಮಾತ್ರ 21 ಆಗಬೇಕು. 1984ರ ಕಾನೂನು ಇದು. ರಾಜ್ಯಗಳ ವಿಷಯಕ್ಕೆ ವಾಷಿಂಗ್ಟನ್ ತಲೆ ಹಾಕಬಾರದು ಅನ್ನುತ್ತಿದ್ದ ಅಧ್ಯಕ್ಷ ರೇಗನ್ ಅವರೇ ಸಹಿ ಹಾಕಿದರು. 21 ಮಾಡದ ರಾಜ್ಯಕ್ಕೆ ಹೆದ್ದಾರಿ ದುಡ್ಡಿನಲ್ಲಿ ಕಡಿತ ಅಂದರು, ಎಲ್ಲ ರಾಜ್ಯಗಳೂ ದಾರಿಗೆ ಬಂದವು. ಸೌತ್ ಡಕೋಟಾ ಸುಪ್ರೀಂ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. ನಿನ್ನ ಅಮ್ಮನಾಗಿ ನನಗೆ ಈ ಕಾನೂನು ತುಂಬಾ ಇಷ್ಟ. ಒಬ್ಬ ನಾಗರಿಕಳಾಗಿ ನೋಡಿದರೆ ವಿಚಿತ್ರ ಅನ್ನಿಸುತ್ತದೆ. ಅದಿರಲಿ, ಪಾರ್ಟಿಯಲ್ಲಿ ಯಾರಾದರೂ ಜಾಸ್ತಿ ಕುಡಿದು ಪ್ರಜ್ಞೆ ತಪ್ಪಿದರೆ ಹೆದರದೆ 911ಗೆ ಫೋನ್ ಮಾಡು. ಹೀಗೆ ಸಹಾಯಕ್ಕೆ ಕರೆದು, ಪೊಲೀಸರು ಬರುವವರೆಗೂ ಅಲ್ಲೇ ನಿಂತವರ ಮೇಲೆ ಕುಡಿತದ ಕೇಸ್ ಹಾಕದ ಹಾಗೆ ವರ್ಜೀನಿಯಾದಲ್ಲಿ ಕಾನೂನಿದೆ. ಇದನ್ನು ನಿನ್ನ ಸ್ನೇಹಿತೆಯರಿಗೂ ಹೇಳು. ಅರ್ಧ ಜನಕ್ಕೆ ಗೊತ್ತಿರುವುದಿಲ್ಲ.

ನಿನ್ನ ರೂಮ್‌ಮೇಟಿನ ಅಪ್ಪನ ಮಾತಿಗೆ ಬರೋಣ. ಆ ಮಾತಿನ ಹೆಸರಿನಲ್ಲೇ ಒಂದು ಕಾನೂನಿದೆ. 1996ರ ಆಗಸ್ಟ್ 22ರಂದು ಕ್ಲಿಂಟನ್ ಸಹಿ ಹಾಕಿದ ವೆಲ್‌ಫೇರ್ ಕಾನೂನು. ಅದರ ಅಧಿಕೃತ ಹೆಸರು ಶುರುವಾಗುವುದೇ "ಪರ್ಸನಲ್ ರೆಸ್ಪಾನ್ಸಿಬಿಲಿಟಿ" ಅಂತ. ಅದಕ್ಕೆ ಮುಂಚೆ, 1935ರಿಂದ, ಮಕ್ಕಳಿರುವ ಬಡ ಕುಟುಂಬಗಳಿಗೆ ಸರ್ಕಾರ ತಿಂಗಳು ತಿಂಗಳು ದುಡ್ಡು ಕೊಡುತ್ತಿತ್ತು. 1996ರ ನಂತರ ಅದಕ್ಕೆ ಗಡುವು ಬಂತು. ಕೇಂದ್ರದ ದುಡ್ಡಿನಿಂದ ಸಹಾಯ ಇಡೀ ಜೀವನದಲ್ಲಿ ಒಟ್ಟು 5 ವರ್ಷ, ಅದೂ ಕೆಲಸಕ್ಕೆ ಹೋಗಬೇಕೆಂಬ ಷರತ್ತಿನ ಮೇಲೆ. ರಾಜ್ಯಗಳಿಗೆ ಇಡುಗಂಟಾಗಿ ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್ ಅಂತ ಗೊತ್ತು ಮಾಡಿದರು. ಬೆಲೆ ಏರಿದ ಹಾಗೆ ಅದು ಏರಲೇ ಇಲ್ಲ. ಅದೇ ಕಾನೂನು ಹೊಸದಾಗಿ ಗ್ರೀನ್ ಕಾರ್ಡ್ ಪಡೆದ ಬಹಳಷ್ಟು ಜನರಿಗೆ ಮೊದಲ 5 ವರ್ಷ ಕೇಂದ್ರದ ಹಲವು ಸಹಾಯಗಳನ್ನು ನಿಲ್ಲಿಸಿತು. ನಮ್ಮಿಬ್ಬರಿಗೆ ಅದು ತಟ್ಟಲಿಲ್ಲ, ಸಂಬಳ ಬರುತ್ತಿತ್ತು. ತೆರಿಗೆ ಕಟ್ಟಿಯೂ ಸಹಾಯ ಸಿಗದೆ ಹೋದವರು ಬೇಕಾದಷ್ಟು ಜನ.

ಕೆಲಸ ಮಾಡಬಲ್ಲವರು ಕೆಲಸ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಕಾನೂನು ಬಂದ ಮೇಲೆ ಒಂಟಿ ತಾಯಂದಿರು ಹೆಚ್ಚು ಜನ ಕೆಲಸಕ್ಕೆ ಸೇರಿದ್ದೂ ನಿಜ. ಆಗ ಕೆಲಸಗಳೂ ಧಾರಾಳವಾಗಿ ಸಿಗುತ್ತಿದ್ದವು ಅನ್ನುವುದೂ ಅಷ್ಟೇ ನಿಜ. ನನ್ನ ತಕರಾರು ಇರುವುದು ಬೇರೆ ಕಡೆ. ಆ ತಾಯಿಗೆ ಗಡುವು ಹಾಕಿದ ಕಾಂಗ್ರೆಸ್ಸಿಗೂ, ಅಂದರೆ ಇಲ್ಲಿನ ಸಂಸತ್ತಿಗೂ, ಒಂದು ಗಡುವಿದೆ. ಪ್ರತಿ ವರ್ಷ ಸೆಪ್ಟೆಂಬರ್ 30ರ ಒಳಗೆ ಖರ್ಚಿನ 12 ಬಿಲ್‌ಗಳನ್ನು ಪಾಸ್ ಮಾಡಬೇಕು. ಹೊತ್ತಿಗೆ ಸರಿಯಾಗಿ ಅದನ್ನು ಪೂರ್ತಿ ಮುಗಿಸಿದ್ದು ಕೊನೆಯ ಸಲ ಯಾವಾಗ ಗೊತ್ತಾ? ಅದೇ 1996ರಲ್ಲಿ! ಬಡವರಿಗೆ ಜವಾಬ್ದಾರಿ ಕಲಿಸಿದ ವರ್ಷವೇ ಇವರು ತಮ್ಮ ಜವಾಬ್ದಾರಿಯನ್ನು ಕೊನೆಯ ಸಲ ಮುಗಿಸಿದ್ದು.

ಆಮೇಲೆ ಏನಾಯಿತು ಅಂತ ನೀನೇ ನೋಡಿದ್ದೀಯ. 2018ರ ಡಿಸೆಂಬರ್‌ನಿಂದ 35 ದಿನ, ಖರ್ಚಿನ ಬಿಲ್ ಪಾಸಾಗದೆ, ಸರ್ಕಾರ ಅರೆಬರೆ ಮುಚ್ಚಿತು. 2025ರ ಅಕ್ಟೋಬರ್ 1ರಿಂದ ಮತ್ತೆ 43 ದಿನ. ನಮ್ಮ ನಾರ್ದರ್ನ್ ವರ್ಜೀನಿಯಾದಲ್ಲಿ ಬೀದಿಗೊಂದು ಮನೆಯಾದರೂ ಫೆಡರಲ್ ಕೆಲಸದ್ದು ಇರುತ್ತದೆ, ನಿನಗೇ ಗೊತ್ತು. ಡಲಸ್ ಏರ್‌ಪೋರ್ಟಿನಲ್ಲಿ ನಮ್ಮ ಬ್ಯಾಗ್ ತಪಾಸಣೆ ಮಾಡುವವರು ಸಂಬಳವಿಲ್ಲದೆ ಡ್ಯೂಟಿಗೆ ಬರುತ್ತಿದ್ದರು. ಕಾಯಂ ನೌಕರರಿಗೆ ಬಾಕಿ ಸಂಬಳ ಕೊಡಬೇಕು ಅಂತ 2019ರಲ್ಲಿ ಕಾನೂನೇ ಮಾಡಿದರು. ಅದೇ ಕಟ್ಟಡಗಳಲ್ಲಿ ಕಾಂಟ್ರ್ಯಾಕ್ಟ್ ಮೇಲೆ ನೆಲ ಒರೆಸುವವರು, ಕ್ಯಾಂಟೀನಿನಲ್ಲಿ ಬಡಿಸುವವರು ಆ ಕಾನೂನಿನಲ್ಲಿ ಇಲ್ಲ. ಅವರಿಗೆ ಹೋದ ದಿನ ಹೋಯಿತು. ಕಾಂಗ್ರೆಸ್ ಸದಸ್ಯರ ಸಂಬಳ ವರ್ಷಕ್ಕೆ 1,74,000 ಡಾಲರ್. ಅದು ಒಂದು ದಿನವೂ ನಿಲ್ಲಲಿಲ್ಲ.

ಬಜೆಟ್ ಮುಗಿಸದಿದ್ದರೆ ಅವರ ಸಂಬಳವನ್ನೂ ಕತ್ತರಿಸಿ ಅನ್ನೋಣವೇ? ಅದಕ್ಕೆ ಸಂವಿಧಾನದ 27ನೇ ತಿದ್ದುಪಡಿ ಅಡ್ಡ ಬರುತ್ತದೆ. ಸದಸ್ಯರ ಸಂಬಳ ಬದಲಿಸುವ ಕಾನೂನು ಮುಂದಿನ ಚುನಾವಣೆ ಆಗುವವರೆಗೂ ಜಾರಿಗೆ ಬರುವಂತಿಲ್ಲ. ತಮಗೆ ತಾವೇ ಸಂಬಳ ಏರಿಸಿಕೊಳ್ಳಬಾರದು ಅಂತ ಮಾಡಿದ್ದು ಇದು, ಈಗ ಅದೇ ಅವರಿಗೆ ಕೊಡೆ ಹಿಡಿದಿದೆ. ಹಾಗಿದ್ದರೂ ಈ ತಿದ್ದುಪಡಿ ಬಂದ ಕಥೆ ನನಗೆ ಬಹಳ ಇಷ್ಟ. 1789ರಲ್ಲಿ ಕಾಂಗ್ರೆಸ್ ಇದನ್ನು ರಾಜ್ಯಗಳಿಗೆ ಕಳಿಸಿತ್ತು. ಸಾಕಷ್ಟು ರಾಜ್ಯಗಳು ಒಪ್ಪದೆ ಅದು ಹಾಗೇ ಮೂಲೆ ಸೇರಿತ್ತು. 1982ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಗ್ರೆಗರಿ ವಾಟ್ಸನ್ ಅನ್ನುವ ಹುಡುಗ, ಇದು ಈಗಲೂ ಜೀವಂತವಾಗಿದೆ, ಗಡುವೇ ಹಾಕಿಲ್ಲ ಅಂತ ಒಂದು ಪೇಪರ್ ಬರೆದ. ಸಿ ಗ್ರೇಡ್ ಬಂತು. ಅವನು ಗೊಣಗಿಕೊಂಡು ಸುಮ್ಮನಾಗಲಿಲ್ಲ. ಬೇರೆ ಬೇರೆ ರಾಜ್ಯಗಳ ಶಾಸಕರಿಗೆ ಪತ್ರ ಬರೆಯುತ್ತಾ ಹೋದ. 1983ರಲ್ಲಿ ಮೇಯ್ನ್ ಒಪ್ಪಿತು, ಮರುವರ್ಷ ಕೊಲೊರಾಡೊ, ಆಮೇಲೆ ಒಂದರ ಹಿಂದೆ ಒಂದು. 1992ರಲ್ಲಿ ಅದು ಸಂವಿಧಾನದ ಭಾಗವಾಯಿತು. 2017ರಲ್ಲಿ ವಿಶ್ವವಿದ್ಯಾಲಯ ಅವನ ಗ್ರೇಡನ್ನು ಎ ಅಂತ ತಿದ್ದಿತು. ನಿನಗೆ ಸಿ ಬಂದರೆ ಇದನ್ನು ನೆಪ ಮಾಡಿಕೊಳ್ಳಬೇಡ, ಹೇಳಿದ್ದೇನೆ.

ಆರೋಗ್ಯದ ಇನ್ಶೂರೆನ್ಸ್ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ, ಈ ಮನೆಯಲ್ಲಿ ಅದರ ಮೇಲೆ ಸಾಕಷ್ಟು ಜಗಳ ಆಗಿದೆ. ಪ್ರತಿಯೊಬ್ಬರೂ ಇನ್ಶೂರೆನ್ಸ್ ಮಾಡಿಸಲೇಬೇಕು ಅನ್ನುವ ಯೋಚನೆಯನ್ನು 1989ರಲ್ಲಿ ಮುಂದಿಟ್ಟಿದ್ದು ಬಲಪಂಥದ ಹೆರಿಟೇಜ್ ಫೌಂಡೇಶನ್. ಅವರ ವಾದ ಇದೇ ಜವಾಬ್ದಾರಿಯದ್ದು. ಎಮರ್ಜೆನ್ಸಿಯಲ್ಲಿ ಬಂದವರನ್ನು ಆಸ್ಪತ್ರೆ ವಾಪಸ್ ಕಳಿಸುವಂತಿಲ್ಲ ಅಂತ 1986ರಿಂದ ಕಾನೂನಿದೆ. ಅಂದಮೇಲೆ ಇನ್ಶೂರೆನ್ಸ್ ಇಲ್ಲದವನ ಖರ್ಚು ಬೇರೆಯವರ ಮೇಲೆ ಬೀಳುತ್ತದೆ. 2006ರಲ್ಲಿ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ಅದನ್ನು ಮ್ಯಾಸಚೂಸೆಟ್ಸ್‌ನಲ್ಲಿ ತಂದರು. 2010ರಲ್ಲಿ ಒಬಾಮ ದೇಶಕ್ಕೆಲ್ಲ ತಂದರು. ತಂದವರು ಬದಲಾದ ಕೂಡಲೇ ಅದು ಜವಾಬ್ದಾರಿ ಹೋಗಿ ದಬ್ಬಾಳಿಕೆ ಆಯಿತು! 2012ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಅದನ್ನು ಉಳಿಸಿತು. ಇನ್ಶೂರೆನ್ಸ್ ಮಾಡಿಸದವರಿಗಿದ್ದ ದಂಡವನ್ನು 2017ರ ತೆರಿಗೆ ಕಾನೂನು 2019ರಿಂದ ಸೊನ್ನೆ ಮಾಡಿತು. ನೀನು 26 ತುಂಬುವವರೆಗೂ ನಮ್ಮ ಇನ್ಶೂರೆನ್ಸಿನಲ್ಲಿ ಇರಬಹುದು ಅಂತ ಬರೆದಿರುವುದೂ ಅದೇ 2010ರ ಕಾನೂನಿನಲ್ಲಿ.

ಆ ಕಾನೂನನ್ನೇ ಕಿತ್ತುಹಾಕುವ ಪ್ರಯತ್ನ 2017ರ ಜುಲೈ 28ರ ನಡುರಾತ್ರಿ ಸೆನೆಟ್‌ನಲ್ಲಿ ಬಿದ್ದುಹೋಯಿತು. ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ತಮ್ಮ ಪಾರ್ಟಿಯ ವಿರುದ್ಧವೇ ಹೆಬ್ಬೆರಳು ಕೆಳಗೆ ಮಾಡಿ ಬೇಡ ಅಂದರು. ಅವರ ಜೊತೆ ಇನ್ನಿಬ್ಬರು ರಿಪಬ್ಲಿಕನ್ನರು. ಅರಸೀಕೆರೆಯ ತಾತನಿಗೆ ಇದನ್ನು ಹೇಳಿದರೆ ನಂಬಲೇ ಇಲ್ಲ. "ಪಾರ್ಟಿ ವಿರುದ್ಧ ವೋಟ್ ಹಾಕಿದ್ರೆ ಸೀಟು ಹೋಗಲ್ವೇನಮ್ಮ?" ಅಂದರು. ಭಾರತದಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾನೂನಿದೆ. ವಿಪ್ ಮೀರಿದವರ ಸದಸ್ಯತ್ವಕ್ಕೇ ಕುತ್ತು. ಇಲ್ಲಿ ಆ ಭಯ ಇಲ್ಲ. ಹಾಗಾಗಿ ಇಲ್ಲಿನ ಸದಸ್ಯ "ಪಾರ್ಟಿ ಹೇಳಿತು, ನಾನೇನು ಮಾಡಲಿ" ಅನ್ನುವಂತಿಲ್ಲ. ಪ್ರತಿ ವೋಟೂ ಅವರ ಹೆಸರಿನ ಮುಂದೆ ದಾಖಲಾಗಿರುತ್ತದೆ. ಹೋಗಿ ಓದು, ಕೋಪ ಬಂದರೆ ಅವರ ಆಫೀಸಿಗೆ ಫೋನ್ ಮಾಡು. ಫೋನ್ ಎತ್ತುವುದು ಬಹಳ ಸಲ ನಿನ್ನ ವಯಸ್ಸಿನ ಇಂಟರ್ನ್. ನಿನ್ನ ಜಿಪ್ ಕೋಡ್ ಕೇಳಿ, ಪರವೋ ವಿರೋಧವೋ ಬರೆದುಕೊಳ್ಳುತ್ತಾರೆ. ಎರಡು ನಿಮಿಷದ ಕೆಲಸ.

ಒಂದು ವೋಟಿನಿಂದ ಏನಾಗುತ್ತದೆ ಅಂತ ಮಾತ್ರ ನನ್ನನ್ನು ಕೇಳಬೇಡ, ವರ್ಜೀನಿಯಾದಲ್ಲಿ ಬೆಳೆದವಳು ನೀನು. 2017ರ ನವೆಂಬರ್‌ನಲ್ಲಿ ನಮ್ಮ ರಾಜ್ಯದ ವಿಧಾನಸಭೆಯಂಥ ಹೌಸ್ ಆಫ್ ಡೆಲಿಗೇಟ್ಸ್‌ನ 94ನೇ ಕ್ಷೇತ್ರ, ನ್ಯೂಪೋರ್ಟ್ ನ್ಯೂಸ್ ಕಡೆಯದು. ಮರುಎಣಿಕೆಯಲ್ಲಿ ಡೆಮಾಕ್ರಾಟ್ ಶೆಲ್ಲಿ ಸೈಮಂಡ್ಸ್ ಒಂದೇ ಒಂದು ವೋಟಿನಿಂದ ಮುಂದೆ ಬಂದರು. ಮರುದಿನ ಮೂವರು ಜಡ್ಜ್‌ಗಳು ಪಕ್ಕಕ್ಕಿಟ್ಟಿದ್ದ ಒಂದು ಬ್ಯಾಲೆಟ್ ನೋಡಿದರು. ಯಾರೋ ಪುಣ್ಯಾತ್ಮರು ಇಬ್ಬರ ಹೆಸರಿನ ಮುಂದಿನ ವೃತ್ತವನ್ನೂ ತುಂಬಿ, ಒಂದರ ಮೇಲೆ ಗೀಟು ಎಳೆದಿದ್ದರು. ಅದನ್ನು ರಿಪಬ್ಲಿಕನ್ ಡೇವಿಡ್ ಯಾನ್ಸಿ ಲೆಕ್ಕಕ್ಕೆ ಹಾಕಿದರು. ಇಬ್ಬರಿಗೂ 11,608 ವೋಟು. 2018ರ ಜನವರಿ 4ರಂದು ಇಬ್ಬರ ಹೆಸರನ್ನೂ ಫಿಲ್ಮ್ ರೋಲಿನ ಡಬ್ಬಿಗಳಲ್ಲಿ ಹಾಕಿ, ಒಂದು ಬೋಗುಣಿಯಲ್ಲಿಟ್ಟು ಚೀಟಿ ಎತ್ತಿದರು. ಯಾನ್ಸಿ ಹೆಸರು ಬಂತು. ಅದರಿಂದ 100 ಸೀಟಿನ ಸದನ 51-49 ರಿಪಬ್ಲಿಕನ್ನರ ಕೈಯಲ್ಲಿ ಉಳಿಯಿತು. ಚುನಾವಣೆಗೆ ಮುಂಚೆ ಅವರಿಗೆ 66 ಸೀಟಿತ್ತು. ಹಾಗೆ ಕೂದಲೆಳೆಯಲ್ಲಿ ಗೆದ್ದ ಸದನವೇ ವರ್ಷಗಟ್ಟಲೆ ತಡೆದಿದ್ದ ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ಇನ್ಶೂರೆನ್ಸ್) ವಿಸ್ತರಣೆಯನ್ನು 2018ರಲ್ಲಿ ಒಪ್ಪಿತು. ಹಲವು ರಿಪಬ್ಲಿಕನ್ನರೂ ಪರವಾಗಿ ನಿಂತರು. 2019ರ ಜನವರಿಯಿಂದ ವರ್ಜೀನಿಯಾದ ಲಕ್ಷಾಂತರ ಬಡವರಿಗೆ ಆಸ್ಪತ್ರೆ ಬಾಗಿಲು ತೆರೆಯಿತು. ಚೀಟಿಯಲ್ಲಿ ಸೋತ ಸೈಮಂಡ್ಸ್ 2019ರಲ್ಲಿ ಅದೇ ಸೀಟು ಗೆದ್ದರು.

ಜನ ವಾಷಿಂಗ್ಟನ್ ನೋಡಿಕೊಂಡು ಕೂರುತ್ತಾರೆ, ಟಿವಿಯವರಿಗೂ ಅದೇ ಬೇಕು. ನಿನ್ನ ಕಾರಿನ ತೆರಿಗೆ, ಸ್ಕೂಲ್ ಬಸ್ಸು, ನಮ್ಮ ಮನೆ ಹಿಂದೆ ಡೇಟಾ ಸೆಂಟರ್ ಬರಬೇಕೋ ಬೇಡವೋ, ಇದೆಲ್ಲ ತೀರ್ಮಾನವಾಗುವುದು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಸಭೆಯಲ್ಲಿ. ನಮ್ಮ ಲೌಡನ್ ಕೌಂಟಿಯಲ್ಲಿ ಡೇಟಾ ಸೆಂಟರ್‌ಗಳ ತೆರಿಗೆಯಿಂದ ದುಡ್ಡೂ ಬಂತು, ಹೈವೋಲ್ಟೇಜ್ ಲೈನುಗಳ ಜಗಳವೂ ಬಂತು. ಆ ಸಭೆಗಳಲ್ಲಿ ಯಾರು ಬೇಕಾದರೂ ಎದ್ದು ನಿಂತು ಮಾತಾಡಬಹುದು. ಬಹಳ ಸಲ ಅರ್ಧ ಕುರ್ಚಿ ಖಾಲಿ ಇರುತ್ತವೆ.

ನಿಮ್ಮಪ್ಪ ಮತ್ತು ನಾನು ಎಷ್ಟೋ ಸಲ ಬೇರೆ ಬೇರೆ ಕಡೆ ವೋಟ್ ಹಾಕುತ್ತೇವೆ, ಒಂದೇ ಕಾರಿನಲ್ಲಿ ಹೋಗಿ ಬರುತ್ತೇವೆ. ನೀನು ಯಾರಿಗೆ ಹಾಕುತ್ತೀಯ ಅಂತ ನಾನು ಕೇಳುವುದಿಲ್ಲ. ನಿಮ್ಮಪ್ಪ ಕೇಳಿದರೆ ಹೇಳಬೇಕಾಗಿಲ್ಲ.

ಬ್ಲಾಕ್ಸ್‌ಬರ್ಗ್‌ನಿಂದ ವೋಟಿನ ದಿನ ಕಾಲೇಜು ಬಿಟ್ಟು ಬರುವುದು ಕಷ್ಟ ಅಂದೆಯಲ್ಲ, ಬ್ಯಾಲೆಟ್ಟನ್ನು ಪೋಸ್ಟಿನಲ್ಲಿ ತರಿಸಿಕೋ. ಅರ್ಜಿ ಚುನಾವಣೆಗೆ 11 ದಿನ ಮುಂಚೆ ತಲುಪಬೇಕು. ಕೊನೆ ದಿನದವರೆಗೂ ಕಾಯಬೇಡ, ಈ ವಾರವೇ ಹಾಕು. ಕಾಗದವನ್ನು ಹಿಂದೆ ಮುಂದೆ ಎರಡೂ ಕಡೆ ಓದು. ಸ್ಕೂಲ್ ಬೋರ್ಡ್, ಬಾಂಡ್, ತಿದ್ದುಪಡಿ, ಏನಿದ್ದರೂ ಮುಂಚೆಯೇ ತಿಳಿದುಕೋ. ವೃತ್ತ ತಪ್ಪಾಗಿ ತುಂಬಿದರೆ ಗೀಟು ಎಳೆಯಲು ಹೋಗಬೇಡ, ಚುನಾವಣೆಯ ರಿಜಿಸ್ಟ್ರಾರ್ ಆಫೀಸಿಗೆ ಫೋನ್ ಮಾಡಿ ಹೊಸ ಬ್ಯಾಲೆಟ್ ಕೇಳು.

ಚಟ್ನಿಪುಡಿ ಕಳಿಸಿದ್ದೇನೆ. ತಲುಪಿದ ಮೇಲೆ ಒಂದು ಮೆಸೇಜ್ ಹಾಕು.

ಇಂತಿ,
ನಿನ್ನ ಅಮ್ಮ