ಎರಚಲಿಗೆ ಹೆದರಿ ಜನರೇಟರ್ ಒಳಗೆ ತರಬೇಡಿ

ಮಾನ್ಯ ಸಂಪಾದಕರೇ,

ಕೊಪ್ಪದ ಕಡೆ ಪಂಪ್‌ಸೆಟ್, ಕಳೆ ಕೊಚ್ಚುವ ಮೆಷಿನ್, ಸಣ್ಣ ಜನರೇಟರ್ ರಿಪೇರಿ ಮಾಡುವವನು ನಾನು. ಮಳೆಗಾಲ ಹಿಡಿಯಿತೆಂದರೆ ಜನರೇಟರ್ ಕೆಲಸವೇ ಜಾಸ್ತಿ. ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ದೇವರೇ ಬಲ್ಲ.

ಕೆಲವು ಮನೆಗಳಲ್ಲಿ ಮೆಷಿನ್ ಇಟ್ಟ ಜಾಗ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಜಗುಲಿಯ ಮೂಲೆ, ಬಚ್ಚಲು, ಮನೆಗೆ ಅಂಟಿಕೊಂಡ ಕೊಟ್ಟಿಗೆ. ಎರಚಲು ಹೊಡೆಯದಂತೆ ಜಗುಲಿ ಸುತ್ತ ಟಾರ್ಪಾಲು ಬೇರೆ ಕಟ್ಟಿರುತ್ತಾರೆ. ಕೇಳಿದರೆ ‘ಹಂಚಿನ ಮನೆ, ಗಾಳಿ ಆಡುತ್ತೆ ಅಲ್ವಾ’ ಎನ್ನುತ್ತಾರೆ. ‘ಹೊಸ ಮೆಷಿನ್, ಒಂಚೂರೂ ಹೊಗೆ ಇಲ್ಲ ನೋಡಿ’ ಎನ್ನುವವರೂ ಇದ್ದಾರೆ.

ಹೊಗೆ ಕಾಣದಿದ್ದರೂ ಸೈಲೆನ್ಸರಿನಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚೋಕ್ ಎಳೆದೇ ಓಡಿಸಿದರೆ, ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಪೆಟ್ರೋಲ್ ಪೂರ್ತಿ ಉರಿಯದೆ ಇನ್ನೂ ಜಾಸ್ತಿ ಬರುತ್ತದೆ. ಹಾಗಂತ ಸರ್ವಿಸ್ ಆದ ಮೆಷಿನ್ ಒಳಗಿಡಬಹುದು ಅಂತಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗೆ ಆಗುತ್ತದೆ. ಮನೆಯವರಿಗೆಲ್ಲ ಒಟ್ಟಿಗೆ ಆದರೆ ರಾತ್ರಿಯ ಊಟದ ಮೇಲೆ ಅನುಮಾನ ಪಟ್ಟು ಮಲಗಿಬಿಡುತ್ತಾರೆ. ಹಾಗೆ ಮಲಗಿದವರು ಏಳದೆಯೂ ಹೋಗಬಹುದು. ಕೂಡಲೇ ಎಲ್ಲರೂ ಹೊರಗೆ ಬಂದು ಆಸ್ಪತ್ರೆಗೆ ಹೋಗಬೇಕು. ಜನರೇಟರ್ ಓಡುತ್ತಿತ್ತೆಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಕೊರೊನಾ ಕಾಲದಲ್ಲಿ ತಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಂಬಿ ಕೂರಬೇಡಿ. ಈ ವಿಷ ಏರಿದ್ದರೂ ಅದು 98 ಎಂದೇ ತೋರಿಸಬಹುದು.

ಬೇಸಿಗೆಯಲ್ಲಿ ಇದೇ ಕಥೆ ಬಾವಿಯಲ್ಲಿ. ನೀರು ಕೆಳಗೆ ಹೋದರೆ ಪಂಪ್ ಎಳೆಯುವುದಿಲ್ಲ, ಅದಕ್ಕೆ ಹಗ್ಗ ಕಟ್ಟಿ ಪೆಟ್ರೋಲ್ ಪಂಪನ್ನೇ ಒಳಗೆ ಇಳಿಸುತ್ತಾರೆ. ಅದು ನಿಂತರೆ ನೋಡಲು ಒಬ್ಬ ಇಳಿಯುತ್ತಾನೆ. ಅವನು ಬಿದ್ದರೆ ಎತ್ತಲು ಇನ್ನೊಬ್ಬ. ಒಳಗಿನ ಗಾಳಿ ಸರಿಯಿದೆಯೇ ಎಂದು ದೀಪ ಇಳಿಸಿ ನೋಡುವ ಹಳೇ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆಳು ಸಾಯುವಷ್ಟು ಕಾರ್ಬನ್ ಮಾನಾಕ್ಸೈಡ್ ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ.

ಜನರೇಟರ್ ಮನೆಯೊಳಗೆ ಬರುವುದಕ್ಕೆ ಮಳೆಯಷ್ಟೇ ಕಾರಣವಲ್ಲ, ವೈರ್ ಗಿಡ್ಡ ಇರುವುದೂ ಕಾರಣ. ಸಾವಿರಾರು ರೂಪಾಯಿ ಕೊಟ್ಟು ಮೆಷಿನ್ ತಂದವರು ವೈರಿಗೆ ಯಾಕೆ ಲೆಕ್ಕ ಹಾಕುತ್ತಾರೋ! ಕಿಟಕಿ, ಬಾಗಿಲಿನಿಂದ 20 ಅಡಿಯಾದರೂ ದೂರದಲ್ಲಿ ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹೊದಿಸಿದರೆ ಸಾಕು. ಸುತ್ತ ಏನೂ ಕಟ್ಟಬಾರದು. ಸೈಲೆನ್ಸರ್ ಮನೆಯ ಕಡೆ ತಿರುಗಿರಬಾರದು.

ಮಾರುವವರು ಸ್ಟಾರ್ಟ್ ಮಾಡಿ ತೋರಿಸುತ್ತಾರೆಯೇ ಹೊರತು ಎಲ್ಲಿಡಬೇಕು ಎಂದು ಹೇಳುವುದು ಅಪರೂಪ. ನನ್ನ ಕೈಗೆ ಬರುವ ಮೆಷಿನ್‌ಗಳ ಮೇಲಿನ ಎಚ್ಚರಿಕೆ ಚೀಟಿ ಇಂಗ್ಲಿಷಿನಲ್ಲಿ ಇರುತ್ತದೆ. ಅದನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಅಂಟಿಸುವಂತೆ ಸರ್ಕಾರ ನಿಯಮ ಮಾಡಲಿ. ಅಲ್ಲಿಯವರೆಗೆ ಅಂಗಡಿಯವರೇ ಒಂದು ಚೀಟಿ ಅಚ್ಚು ಹಾಕಿಸಿ ಬಿಲ್ಲಿನ ಜೊತೆ ಕೊಡಬಹುದು.

— ಒಬ್ಬ ಪಂಪ್‌ಸೆಟ್ ಮೆಕ್ಯಾನಿಕ್, ಕೊಪ್ಪ, ಚಿಕ್ಕಮಗಳೂರು ಜಿಲ್ಲೆ