ಜ್ಯೂರಿ ಮುಗಿಯಿತು, ಮೇಡಂ

ನಿನ್ನೆ ಸಂಜೆ ಡಿಸೈನ್ ಕಾಲೇಜಿನ ಜ್ಯೂರಿ, ಅಂದರೆ ಪ್ರಾಜೆಕ್ಟನ್ನು ಪರೀಕ್ಷಕರ ಮುಂದಿಡುವ ಕೊನೆಯ ಪರೀಕ್ಷೆ, ಮುಗಿಯಿತು. ಕೊನೆಯ ವರ್ಷದ ಪ್ರಾಜೆಕ್ಟ್ ಪಾಸಾಯ್ತು. ಮಾರ್ಚ್‌ನಿಂದ ಈಚೆಗೆ ಮನೆಯಲ್ಲಿ ಏನೇನಾಯ್ತು ಅಂತ ನಿಮಗೆಲ್ಲ ಗೊತ್ತು, ಮತ್ತೆ ಹೇಳಲ್ಲ. ಡಬ್ಬಿ ಕಟ್ಟಿಕೊಟ್ಟ ಹಾಸ್ಟೆಲ್ ಗೆಳತಿಯರಿಗೆ, ರಾತ್ರಿ ಅಂಗಡಿ ತೆರೆದು ಪ್ರಿಂಟ್ ಕೊಟ್ಟ ಅಣ್ಣನಿಗೆ, ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ಕೂತ ಚಿಕ್ಕಪ್ಪ ಚಿಕ್ಕಮ್ಮನಿಗೆ ತುಂಬಾ ಥ್ಯಾಂಕ್ಸ್.

ಮೇಡಂ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು.

ಮೊದಲ ಕ್ಲಾಸಿಗೇ ಅವರು ಮನೆಯಿಂದ ಹಿತ್ತಾಳೆ ಚೊಂಬು ತಂದಿದ್ದರು. ನೀರು ತುಂಬಿ, ಎತ್ತಿ, ಬಗ್ಗಿಸಿ ಅಂದರು. ಕೈಗೆ ಏನು ಗೊತ್ತಾಯ್ತೋ ಅದನ್ನು ಬೋರ್ಡಿನ ಮೇಲೆ ನಾವೇ ಬರೆದೆವು. ಆಮೇಲಷ್ಟೇ 1958ರ ಇಂಡಿಯಾ ರಿಪೋರ್ಟ್ ಕೊಟ್ಟರು, ಭಾರತದಲ್ಲಿ ಡಿಸೈನ್ ಕಲಿಸೋದು ಹೇಗಿರಬೇಕು ಅಂತ ಸರ್ಕಾರಕ್ಕೆ ಬರೆದ ವರದಿ. ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅದರಲ್ಲಿ ಇದೇ ಚೊಂಬಿನ ಬಗ್ಗೆ ಬರೆದಿದ್ದಾರೆ. 1961ರಲ್ಲಿ ಅಹಮದಾಬಾದಿನ ಎನ್‌ಐಡಿ (ರಾಷ್ಟ್ರೀಯ ಡಿಸೈನ್ ಸಂಸ್ಥೆ) ಶುರುವಾಗಿದ್ದು ಆ ವರದಿಯಿಂದಲೇ. ಮೊದಲೇ ಓದಿದ್ದರೆ ಈಮ್ಸ್ ದಂಪತಿ ಹೇಳಿದ್ದನ್ನೇ ಒಪ್ಪಿಸಿಬಿಡುತ್ತಿದ್ದೆವು, ಅಲ್ವಾ?

ನಾಲ್ಕು ವರ್ಷದಲ್ಲಿ ನನ್ನ ಹಾಳೆಯ ಮೇಲೆ ಮೇಡಂ ಒಂದು ಗೆರೆಯನ್ನೂ ಎಳೆಯಲಿಲ್ಲ.

ಏಪ್ರಿಲ್‌ನ ಆ ರಾತ್ರಿ ಕೂಡ. ಆಸ್ಪತ್ರೆಯಿಂದ ನೇರ ಸ್ಟುಡಿಯೋಗೆ ಬಂದು, ಗೋಡೆಗೆ ಹಚ್ಚಿದ್ದ ಅಕ್ಷರಗಳನ್ನೆಲ್ಲ ಕಿತ್ತು ಹಾಕಿದ್ದೆ. ಮಾತ್ರೆ ಕವರಿನ ಮೇಲೆ ವಯಸ್ಸಾದವರು ಓದುವಂಥ ಕನ್ನಡ ಅಕ್ಷರ ಮಾಡ್ತೀನಿ ಅಂತ ಹೊರಟವಳಿಗೆ, ಅಪ್ಪ ಇನ್ನು ಓದುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ‘ನನ್ನಿಂದ ಆಗಲ್ಲ’ ಅಂತ ಮೆಸೇಜ್ ಹಾಕಿದೆ. ಹತ್ತೂವರೆಗೆ ಮೇಡಂ ಬಂದರು. ಸಮಾಧಾನ ಹೇಳಲಿಲ್ಲ. ನೆಲದ ಮೇಲೆ ಕೂತು ಹಾಳೆಗಳನ್ನು ಒಂದೊಂದೇ ಎತ್ತಿ ಜೋಡಿಸಿದರು. ನನ್ನ ಅಳು ನಿಲ್ಲುವವರೆಗೂ ಸುಮ್ನೆ ಇದ್ದರು. ಆಮೇಲೆ ಕೇಳಿದ್ದು ಒಂದೇ: “ಅಪ್ಪನ ಮಾತ್ರೆ ಕವರ್ ಬ್ಯಾಗಲ್ಲಿದೆಯಾ?”

ಇತ್ತು. ಅಮ್ಮ ಅದರ ಮೇಲೆ ಪೆನ್ನಲ್ಲಿ ಬರೆದಿದ್ದಳು. ರಾತ್ರಿ, ಮಧ್ಯಾಹ್ನ, ಊಟಕ್ಕೆ ಮುಂಚೆ. ಲ್ಯಾಂಪ್ ಕೆಳಗೆ ಇಟ್ಟು ನೋಡುತ್ತಾ ಕೂತೆ. ಅಮ್ಮನ ಒತ್ತಕ್ಷರಗಳು ದೊಡ್ಡವು, ಹೆಚ್ಚುಕಮ್ಮಿ ಮೇಲಿನ ಅಕ್ಷರದಷ್ಟೇ. ಅವು ಕೆಳಗಿನ ಸಾಲಿಗೆ ತಾಗದ ಹಾಗೆ ಜಾಗ ಬಿಟ್ಟಿದ್ದಳು. ನನ್ನವು ಚಿಕ್ಕದಾಗಿ, ಮಸಿಯ ಚುಕ್ಕಿಯ ಹಾಗೆ ಕೂತಿದ್ದವು. ಇದನ್ನು ಮೇಡಂ ತೋರಿಸಲಿಲ್ಲ, ನಾನೇ ಕಂಡುಕೊಂಡೆ. ಅವರಿಗೆ ಮೊದಲೇ ಕಂಡಿತ್ತು ಅಂತ ಈಗ ಅನಿಸುತ್ತೆ. ಬೆಳಗಿನ ಜಾವದವರೆಗೂ ಪಕ್ಕದಲ್ಲಿ ಕೂತಿದ್ದು, ಒಂಬತ್ತು ಗಂಟೆಗೆ ಕ್ಲಾಸಿಗೆ ಹೋದರು.

ಮೇಡಂ, ಆ ಹಾಳೆಗಳು ನೀವು ಜೋಡಿಸಿದ ಹಾಗೇ ಇವೆ. ಸೋಮವಾರ ತಂದು ಕೊಡ್ತೀನಿ. ಜೂನಿಯರ್‌ಗಳಿಗೆ ಬೇಕಾಗಬಹುದು.