ನಮ್ಮ ಬ್ಯಾಂಡ್‌ಗಳಿಗೆ: ಗಂಟೆ ಲೆಕ್ಕ ಯಾಕೆ ಬಿಡ್ತಿದೀವಿ

ಎಲ್ರಿಗೂ ನಮಸ್ಕಾರ,

ಮುಂದಿನ ತಿಂಗಳಿಂದ ನಮ್ಮ ಸ್ಟುಡಿಯೋದಲ್ಲಿ ಸ್ವಂತ ಹಾಡು ರೆಕಾರ್ಡ್ ಮಾಡೋ ಬ್ಯಾಂಡ್‌ಗಳಿಗೆ ಗಂಟೆ ಲೆಕ್ಕ ಇರಲ್ಲ, ಒಂದು ಹಾಡಿಗೆ ಇಷ್ಟು ಅಂತ ರೇಟ್. ಜೊತೆಗೆ ರೆಕಾರ್ಡಿಂಗ್‌ಗೆ ಮುಂಚೆ ಒಂದ್ಸಲ ನಮ್ಮೆದುರು ಕೂತು ಹಾಡು ಪೂರ್ತಿ ನುಡಿಸ್ಬೇಕು. ಈಗಾಗ್ಲೇ ಡೇಟ್ ತಗೊಂಡಿರೋರಿಗೆ ಹಳೇ ರೇಟೇ. ಇದ್ದಕ್ಕಿದ್ದಂಗೆ ಹೇಳ್ತಿದೀವಿ, ಬೇಜಾರಾಗಿದ್ರೆ ಕ್ಷಮಿಸಿ.

"ನಾವು ನುಡಿಸಿದ್ದು ಎರಡು ಗಂಟೆ, ಬಿಲ್ ಮಾತ್ರ ಇಡೀ ದಿನದ್ದಾ?" ಈ ಮಾತು ಕೇಳಿ ಕೇಳಿ ಸಾಕಾಗಿದೆ. ನೀವು ಬರೋ ಮುಂಚೆನೇ ಡ್ರಮ್ ಸ್ಕಿನ್ ಟ್ಯೂನ್ ಆಗಿರ್ಬೇಕು, ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್ ಕಿಕ್ಕಿಗೆ, ಟಾಮ್ ಡ್ರಮ್‌ಗಳಿಗೆ, ಚುರುಕು ಸದ್ದಿನ ಸ್ನೇರ್ ಡ್ರಮ್‌ನ ಮೇಲೆ ಕೆಳಗೆ, ತಲೆ ಮೇಲೆ ಎರಡು ಓವರ್‌ಹೆಡ್ ಅಂತ ಎಂಟು ಮೈಕ್ ಆದ್ರೂ ಬೇಕು, ಸ್ನೇರ್ ಕೆಳಗಿನ ಮೈಕ್‌ನ ಫೇಸ್ (ಸದ್ದಿನ ಅಲೆಯ ಏರಿಳಿತ) ತಿರುಗಿಸದೇ ಹೋದ್ರೆ ಎರಡು ಮೈಕ್‌ಗಳ ಸದ್ದು ಒಂದನ್ನೊಂದು ತಿಂದು ಸ್ನೇರ್‌ನ ದಮ್ಮೇ ಹೋಗುತ್ತೆ. ನೀವು ಹೊರಟ ಮೇಲೆ ಹಾಡಿದ ಅಷ್ಟೂ ಟೇಕ್ (ಒಂದೊಂದು ಸಲ ಹಾಡಿದ ರೆಕಾರ್ಡಿಂಗ್) ಕೇಳಿ ಸಾಲು ಸಾಲಾಗಿ ಚೆನ್ನಾಗಿರೋದನ್ನ ಆರಿಸಿ ಜೋಡಿಸ್ಬೇಕು, ಬೇಸ್ ಗಿಟಾರು ಕಿಕ್ಕು ಒಟ್ಟಿಗೆ ಬೀಳ್ತಿದ್ಯಾ ನೋಡ್ಬೇಕು, ಆಮೇಲೆ ಎಲ್ಲಾ ಸದ್ದನ್ನೂ ಹದವಾಗಿ ಬೆರೆಸೋ ಮಿಕ್ಸಿಂಗು. ಇಷ್ಟು ದಿನ ಇದ್ರಲ್ಲಿ ಎಷ್ಟೋ ಕೆಲಸಕ್ಕೆ ನಾವು ಕಾಸೇ ತಗೊಂಡಿಲ್ಲ. ಸ್ಕಿನ್ನು, ಕೇಬಲ್ಲು ಸವೆಯೋ ಖರ್ಚೂ ನಮ್ಮದೇ. ಹಂಗಿದ್ರೂ ಸುಲಿಗೆ ಅಂದ್ರೆ ನೋವಾಗುತ್ತೆ.

ರೆಕಾರ್ಡಿಂಗ್‌ಗೆ ಮುಂಚೆ ನಮ್ಮೆದುರು ಕೂರೋದು ನಿಮ್ಮ ಒಳ್ಳೇದಕ್ಕೇ. ಎರಡನೇ ಚರಣದ ಸಾಹಿತ್ಯ ಮೈಕ್ ಮುಂದೆ ನಿಂತು ತಿದ್ದೋದು, ಶ್ರುತಿ ಗಾಯಕಿಗೆ ಎತ್ತರ ಆಯ್ತು ಅಂತ ಡ್ರಮ್ ಬೇಸ್ ಎಲ್ಲಾ ಮುಗಿದ್ಮೇಲೆ ಗೊತ್ತಾಗೋದು, ಟೆಂಪೋ (ಹಾಡಿನ ವೇಗ) ಎಷ್ಟು ಅಂತ ಅಲ್ಲೇ ಜಗಳ, ಇದೆಲ್ಲ ನೋಡಿದೀವಿ. ಗಂಟೆ ಓಡ್ತಿದೆ ಅನ್ನೋ ಭಯದಲ್ಲಿ ಹಾಡಿದ್ರೆ ಪಲ್ಲವಿ ಬಿಗಿಯಾಗೇ ಬರುತ್ತೆ, ಅದನ್ನ ಯಾವ ಪ್ಲಗಿನ್ನೂ (ಸದ್ದು ತಿದ್ದೋ ಸಾಫ್ಟ್‌ವೇರ್) ಸರಿ ಮಾಡಲ್ಲ. ಸಾಹಿತ್ಯ ಯಾರದ್ದು, ರಾಗ ಯಾರದ್ದು ಅಂತಾನೂ ಅವತ್ತೇ ಬರೆದು ಎಲ್ರೂ ಸೈನ್ ಹಾಕ್ಬಿಡಿ, ಹಾಡು ಓಡಿದ್ಮೇಲೆ ಆ ಮಾತು ಎತ್ತೋದು ಕಷ್ಟ.

ಮನೇಲೇ ಗಿಟಾರ್, ಕೀಬೋರ್ಡ್ ರೆಕಾರ್ಡ್ ಮಾಡ್ಕೊಂಡು ಬರ್ತೀವಿ ಅಂದ್ರೆ ಖುಷಿನೇ, ರೇಟ್ ಕಮ್ಮಿ ಮಾಡ್ತೀವಿ. ಒಂದೇ ಕ್ಲಿಕ್‌ಗೆ (ಲಯ ಹಿಡಿಯೋಕೆ ಕಿವೀಲಿ ಕೇಳೋ ಟಿಕ್ ಟಿಕ್ ಸದ್ದು) ನುಡಿಸಿ, ಸದ್ದು ಪೂರ್ತಿ ಉಳಿಸೋ 24 ಬಿಟ್ ವೇವ್ ಫೈಲ್ ತನ್ನಿ, ಸದ್ದು ಕುಗ್ಗಿಸೋ ಎಂಪಿ3 ಬೇಡ. ಮುಗಿದ್ಮೇಲೆ ಅಷ್ಟೂ ಟ್ರ್ಯಾಕ್ ನಿಮ್ಮ ಕೈಗೇ ಕೊಡ್ತೀವಿ, ಮೊದ್ಲಿನ ಹಾಗೇ.

ಡೇಟ್ ಕೇಳುವಾಗ ರಿಹರ್ಸಲ್‌ನ ಫೋನ್ ರೆಕಾರ್ಡಿಂಗ್ ಒಂದು ಕಳ್ಸಿ. ಸೌಂಡ್ ಹೇಗಿದ್ರೂ ಪರ್ವಾಗಿಲ್ಲ, ಪೂರ್ತಿ ಕೇಳಿನೇ ಫೋನ್ ಮಾಡ್ತೀವಿ.

ಇಂತಿ,
ನಿಮ್ಮ ಸ್ಟುಡಿಯೋದವರು